ಹೀಚು ಕೀಳುವುದಾದರೆ ಬೇಗ ಕೀಳಿ

ಇಂಗ್ಲೆಂಡಿನಲ್ಲಿ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿತ್ತಲಲ್ಲಿ ಸೇಬಿನ ಮರ ಬೆಳೆಸಿದವರು ಬೇಸಿಗೆ ಕಾಲಿಡುತ್ತಲೇ ಗೋಲಿಗಾತ್ರದ ಹೀಚುಗಳಲ್ಲಿ ಬಹುಪಾಲನ್ನು ತಾವೇ ಕಿತ್ತು ಹಾಕುತ್ತಾರೆ. ಕಟ್ಟಿದ ಕಾಯನ್ನು ಕೀಳಲು ಯಾರಿಗೂ ಮನಸ್ಸು ಬಾರದು. ಆದರೂ ಈ ಪದ್ಧತಿ ಸರಿಯಾದದ್ದು. ಕೊರತೆಯಿರುವುದು ಅದನ್ನು ಮಾಡುವ ಹೊತ್ತಿನಲ್ಲಿ.

ಸೇಬಿನ ಒಂದು ಗೊಂಚಲಲ್ಲಿ ಐದಾರು ಹೂ. ಎಲ್ಲವೂ ಕಾಯಿ ಕಟ್ಟಿದರೆ ಸಾಕುವ ಶಕ್ತಿ ಮರಕ್ಕಿಲ್ಲ. ಒಂದು ಹಣ್ಣು ಚೆನ್ನಾಗಿ ಬಲಿಯಲು ಸುಮಾರು 30-40 ಎಲೆಗಳ ದುಡಿಮೆ ಬೇಕು. ಗೊಂಚಲಿಗೆ ಒಂದರಂತೆ, 15 ಸೆಂ.ಮೀ. ಅಂತರದಲ್ಲಿ ಕಾಯಿ ಉಳಿಸಿದರೆ ಗಾತ್ರ, ಬಣ್ಣ, ಸಿಹಿ ಮೂರೂ ಏರುತ್ತವೆ. ಭಾರಕ್ಕೆ ಕೊಂಬೆ ಸೀಳುವುದಿಲ್ಲ. ಕಾಯಿಗಳು ಒಂದಕ್ಕೊಂದು ತಾಗುವ ಸಂದಿಯಿಂದ ಒಳಹೊಕ್ಕುವ ಕಾಡ್ಲಿಂಗ್ ಪತಂಗದ ಹುಳುವಿಗೂ ಅವಕಾಶ ಕಡಿಮೆ.

ಇದಕ್ಕಿಂತ ದೊಡ್ಡ ಲಾಭ ಮುಂದಿನ ವರ್ಷದ್ದು. ಮಾವಿನಂತೆ ಸೇಬಿಗೂ ಒಂದು ವರ್ಷ ಹೇರಳವಾಗಿ ಕಾಯಿಬಿಟ್ಟು ಮರುವರ್ಷ ಬರಿದಾಗುವ ಚಾಳಿಯಿದೆ. ಮಿನ್ನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ತಳಿಯಲ್ಲಿ ಇದು ಎದ್ದು ಕಾಣುತ್ತದೆ. ಎಳೆಗಾಯಿಯ ಬೀಜಗಳಲ್ಲಿ ಹುಟ್ಟುವ ಜಿಬ್ಬರೆಲಿನ್ ಎಂಬ ಹಾರ್ಮೋನು ಮರುವರ್ಷದ ಹೂಮೊಗ್ಗು ರೂಪುಗೊಳ್ಳದಂತೆ ತಡೆಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಆ ಮೊಗ್ಗುಗಳ ಹಣೆಬರಹ ತೀರ್ಮಾನವಾಗುವುದು ಹೂ ಅರಳಿದ ಕೆಲವೇ ವಾರಗಳಲ್ಲಿ.

ಆದ್ದರಿಂದಲೇ, ಜೂನ್‌ನಲ್ಲಿ ಮರ ತಾನಾಗಿ ಹೀಚು ಉದುರಿಸಲಿ, ಆಮೇಲೆ ಉಳಿದದ್ದನ್ನು ನೋಡೋಣ ಎಂಬ ಹಳೆಯ ರೂಢಿಯನ್ನು ನಾನು ಒಪ್ಪಲಾರೆ. ಅದರಿಂದ ಕೆಲಸವೇನೋ ಹಗುರ. ತಡವಾಗಿ ಕಿತ್ತರೂ ಈ ವರ್ಷದ ಹಣ್ಣು ಸ್ವಲ್ಪ ದಪ್ಪವಾದೀತು. ಮುಂದಿನ ವರ್ಷದ ಹೂವಿಗೆ ಮಾತ್ರ ಅದು ಹೆಚ್ಚು ನೆರವಾಗದು.

ಈ ಪದ್ಧತಿಗೆ ಮಿತಿಗಳೂ ಇವೆ. ಒಟ್ಟು ಫಸಲಿನ ತೂಕ ಇಳಿಯುತ್ತದೆ. ರಸ ಹಿಂಡಲೆಂದೇ ಬೆಳೆಸಿದವರಿಗೆ ದಪ್ಪ ಹಣ್ಣಿನ ಹಂಬಲ ಬೇಕಿಲ್ಲ. ಹಿಮ ಬಿದ್ದು ಹೂ ಕರಟಿದ ವರ್ಷ ಹೀಚಿಗೆ ಕೈ ಹಾಕಲೇಬಾರದು. ಏಣಿಗೂ ಎಟುಕದ ಹಳೆಯ ಮರದಲ್ಲಿ ಇದು ಆಗುವ ಕೆಲಸವಲ್ಲ.

ಉಳಿದವರು ಹೂ ಅರಳಿದ 40 ದಿನಗಳೊಳಗೆ ಮುಗಿಸಲಿ. ಗೊಂಚಲಲ್ಲಿ ಎಲ್ಲಕ್ಕಿಂತ ದಪ್ಪಗಿರುವ, ಕಲೆಯಿಲ್ಲದ ಕಾಯನ್ನು ಉಳಿಸಿ, ಮಿಕ್ಕವನ್ನು ತೊಟ್ಟಿನ ನಡುವೆ ಕತ್ತರಿಸಲಿ. ಎಳೆದರೆ ಮುಂದೆ ಹೂ ಬಿಡಬೇಕಾದ ಗಿಡ್ಡ ಕವಲೇ ಕಿತ್ತುಬರುತ್ತದೆ. ಕೈ ಬಿಗಿಹಿಡಿದು ಉಳಿಸಿದ ಹೀಚು ಮರಕ್ಕೂ ಲಾಭವಲ್ಲ, ಮನೆಗೂ ಲಾಭವಲ್ಲ.