ಬಿರುಕಿಗೆ ಸಲ್ಲಬೇಕಾದ ಮನ್ನಣೆ: ಮತ್ಸುಯಿ ಕೋಸೆಯವರ ನೆರಿಯಾಗೆ

ನೆರಿಯಾಗೆ ಎಂದರೆ ಬೇರೆ ಬೇರೆ ಬಣ್ಣದ ಹಸಿಮಣ್ಣುಗಳನ್ನು ಪದರಪದರವಾಗಿ ಒತ್ತಿ ಕೂಡಿಸಿ ಪಾತ್ರೆಯಾಗಿಸುವ ಜಪಾನೀ ವಿಧಾನ. ಇಲ್ಲಿ ಚಿತ್ತಾರವು ಮೇಲೆ ಬಳಿದ ಲೇಪವಾಗಿರದೆ ಪಾತ್ರೆಯ ಮೈಯಾಗಿಯೇ ಇರುತ್ತದೆ. ತಾಂಗ್ ಕಾಲದ ಚೀನೀ ಪಾತ್ರೆಗಳಿಂದ ಹದಿನೆಂಟನೆಯ ಶತಮಾನದ ಸ್ಟಾಫರ್ಡ್‌ಶೈರ್‌ವರೆಗಿನ ಇದರ ಹಿನ್ನೆಲೆ ಸುಪರಿಚಿತ. ಕಸಾಮಾದ ಬೌದ್ಧ ದೇಗುಲವೊಂದರ ಅರ್ಚಕರಾಗಿದ್ದು, 1993ರಲ್ಲಿ ಈ ವಿದ್ಯೆಗಾಗಿ 'ಜೀವಂತ ರಾಷ್ಟ್ರೀಯ ನಿಧಿ' ಎಂಬ ಗೌರವ ಪಡೆದ ಮತ್ಸುಯಿ ಕೋಸೆ (1927-2003) ಅವರನ್ನು ವರ್ಣಸಂಯೋಜಕರೆಂದು ಕೊಂಡಾಡುವ ರೂಢಿಯು ಅವರ ನಿಜವಾದ ಸಾಧನೆಯನ್ನು ಮರೆಮಾಡಿದೆ.

ಎರಡು ಕಡೆಯ ಮಣ್ಣುಗಳು ಒಣಗುವಾಗಲೂ ಬೇಯುವಾಗಲೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಅವು ಕೂಡಿದ ಸಂದಿನಲ್ಲೇ ಪಾತ್ರೆ ಸೀಳುತ್ತದೆ. ಮತ್ಸುಯಿ ಒಂದೇ ಮಣ್ಣನ್ನು ಪಾಲು ಮಾಡಿ, ಪ್ರತಿ ಪಾಲಿಗೂ ಬೇರೆ ಬಣ್ಣ ಬೆರೆಸಿ ಈ ತೊಡಕನ್ನು ನೀಗಿದರು. ಇದನ್ನು ರಾಜಿಯೆಂದು ಆಕ್ಷೇಪಿಸುವವರ ಮಾತಿನಲ್ಲಿ ಅರ್ಧ ಸತ್ಯವಿದೆ: ಸಂದು ಉಳಿಯಿತು, ಆದರೆ ವೈದೃಶ್ಯವು ಕಣ್ಣಿಗಷ್ಟೇ ಉಳಿದು, ಮಣ್ಣು ಮಣ್ಣಿನ ನಡುವಿನ ಸೆಣಸು ಇಲ್ಲವಾಯಿತು.

ಆ ಸೆಣಸು ಮರಳಿ ಬಂದದ್ದು 'ಶೋರೆತ್ಸು' ಎಂಬ ಬಿರುಕುಮೈಯ ಪಾತ್ರೆಗಳಲ್ಲಿ. ಕೊಳವೆಯಂತೆ ಎತ್ತಿದ ಮಣ್ಣಿನ ಹೊರಮೈಯಲ್ಲಿ ಗೀರುಗಳನ್ನೆಳೆದು, ಆಮೇಲೆ ಹೊರಗಿನಿಂದ ಕೈ ತಾಗಿಸದೆ, ತಿಗರಿಯ ಮೇಲೆ ಒಳಗಿನಿಂದಷ್ಟೇ ಒತ್ತಿ ಹೊಟ್ಟೆಯನ್ನು ಉಬ್ಬಿಸಿದಾಗ, ಹಿಗ್ಗಲಾರದ ಹೊರಪದರ ಹರಿಯುತ್ತದೆ, ಒಳಪದರ ಹಿಡಿದುಕೊಳ್ಳುತ್ತದೆ. ಸಂದಿನಿಂದ ಹೊರದೂಡಿದ ಬಿರುಕನ್ನೇ ಕಲಾವಿದರು ಇಲ್ಲಿ ಮೈಮೇಲೆ ಬರಮಾಡಿಕೊಂಡಿದ್ದಾರೆ. ಲೇಪದ ಪಾತ್ರೆಯಾಗಿದ್ದರೆ ಹರಿದಲ್ಲಿ ಬರಿಯ ಮಣ್ಣು ಬಯಲಾಗುತ್ತಿತ್ತು, ಇಲ್ಲಿಯಾದರೋ ಬಣ್ಣವು ಆಳಕ್ಕೂ ಇಳಿದಿದೆಯೆಂಬುದಕ್ಕೆ ಬಿರುಕೇ ಸಾಕ್ಷಿ.

ಪಾತ್ರೆಯನ್ನು ವರ್ಣಚಿತ್ರದಂತೆ ಓದುವವರಿಗೆ ಈ ಸಾಕ್ಷಿ ಕಾಣದಿದ್ದರೆ ಅಚ್ಚರಿಯಿಲ್ಲ. ಅದಕ್ಕಿಂತ ಹಾನಿಕರವಾದುದು, ಕಲಾವಿದರು ಅರ್ಚಕರೆಂಬ ಒಂದೇ ಕಾರಣಕ್ಕೆ ಪ್ರತಿ ಬಿರುಕಿನಲ್ಲೂ ಅನಿತ್ಯತೆಯ ಬೋಧೆಯನ್ನು ಹುಡುಕುವ ವ್ಯಾಖ್ಯಾನ. ಎಲ್ಲಿ, ಎಷ್ಟು ಒತ್ತಿದರೆ ಮಣ್ಣು ಹರಿದೂ ನಿಲ್ಲುತ್ತದೆಂಬ ಕೈಯ ಅರಿವನ್ನು ಅದು ಅಪ್ರಯತ್ನವಾಗಿ ತತ್ತ್ವಕ್ಕೆ ಒಪ್ಪಿಸಿಬಿಡುತ್ತದೆ, ಧರ್ಮಕ್ಕೂ ಕುಂಭಕಲೆಗೂ ಅದರಿಂದ ನ್ಯಾಯ ಸಲ್ಲುವುದಿಲ್ಲ. ಬಿರುಕು ಸುತ್ತಲೂ ಒಂದೇ ಸಮನಾಗಿ ಹರಡಿದಲ್ಲಿ ಅದೂ ಅಲಂಕಾರವಾಗುವ ಅಪಾಯವಿದೆ, ನಿಜ. ಆದರೆ ಉಬ್ಬು ಕಡಿಮೆಯಾಗುವ ಕೊರಳಿನತ್ತ ಏರಿದಂತೆ ಬಿರುಕುಗಳು ಕಿರಿದಾಗುತ್ತ, ಹೊಟ್ಟೆಯಲ್ಲಿ ಹರಿದಿದ್ದ ಪಟ್ಟೆಗಳು ಬಾಯಂಚಿನಲ್ಲಿ ಮತ್ತೆ ಅಖಂಡವಾಗುವ ಪಾತ್ರೆಯಲ್ಲಿ, ಮಣ್ಣು ಎಷ್ಟೆಷ್ಟು ಹಿಗ್ಗಿತೆಂಬುದನ್ನು ಕಣ್ಣಿನಿಂದಲೇ ಅಳೆಯಬಹುದು.