ಗುಂಡಿಯಿಂದ ಊಹೆಗೆ

ಫೈಟಿಂಗ್ ಗೇಮ್ ಆಡುವವರಲ್ಲಿ ಹೆಚ್ಚಿನವರು ಕೈಗೆ ಸಿಕ್ಕ ಗುಂಡಿ ಒತ್ತುತ್ತಲೇ ಖುಷಿಪಡುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಸ್ಪರ್ಧೆಗೆ ಇಳಿದವರ ಆಟ ಬೇರೆಯಾಗುವುದು ಬೆರಳಿನ ವೇಗದಿಂದಲ್ಲ, ಎದುರಾಳಿಯನ್ನು ಓದುವ ಅಭ್ಯಾಸದಿಂದ. 2004ರಲ್ಲಿ ಕ್ಯಾಲಿಫೋರ್ನಿಯಾದ ಇವೊ ಪಂದ್ಯಾವಳಿಯನ್ನೇ ನೋಡಿ. 'ಸ್ಟ್ರೀಟ್ ಫೈಟರ್ 3: ಥರ್ಡ್ ಸ್ಟ್ರೈಕ್'ನಲ್ಲಿ ಜಪಾನಿನ ಡೈಗೊ ಉಮೆಹರ ಆಡಿಸುತ್ತಿದ್ದ ಕೆನ್ ಎಂಬ ಪಾತ್ರಕ್ಕೆ ಉಳಿದಿದ್ದದ್ದು ಕೂದಲೆಳೆಯಷ್ಟು ಜೀವ. ಎದುರಾಳಿ, ಅಮೆರಿಕದ ಜಸ್ಟಿನ್ ವಾಂಗ್, ತಮ್ಮ ಪಾತ್ರ ಚುನ್-ಲೀಯ ಸೂಪರ್ (ವಿಶೇಷ ದಾಳಿ) ಬಿಟ್ಟರು: ಒಟ್ಟು 15 ಒದೆತ. ಸುಮ್ಮನೆ ತಡೆದು ನಿಂತರೂ ಅಷ್ಟಿಷ್ಟು ಜೀವ ಸೋರಿ ಸೋಲು ಖಚಿತ. ಉಳಿದ ದಾರಿ ಪ್ಯಾರಿ, ಅಂದರೆ ಒದೆತ ತಾಗುವ ಹೊತ್ತಿಗೆ ಸರಿಯಾಗಿ ಸ್ಟಿಕ್ಕನ್ನು ಎದುರಾಳಿಯ ಕಡೆಗೇ ತಳ್ಳುವುದು. ಡೈಗೊ ಒಂದನ್ನೂ ಬಿಡಲಿಲ್ಲ. ಕೊನೆಯದನ್ನು ಮೇಲಕ್ಕೆ ಜಿಗಿದು ತಡೆದು, ತಿರುಗಿಬಿದ್ದು ಗೆದ್ದರು.

ಇದು ಉರುಹೊಡೆದ ಲಯವಷ್ಟೇ ಅಲ್ಲವೇ ಎನ್ನಬಹುದು. ಲಯ ಉರುಹೊಡೆದದ್ದೇ, ಒಪ್ಪೋಣ. ಆದರೆ ಸೂಪರ್ ಶುರುವಾದೊಡನೆ ಮೊದಲ ಒದೆತ ಬಂದು ತಾಗುವುದರಿಂದ ನೋಡಿ ಪ್ರತಿಕ್ರಿಯಿಸಲು ಸಮಯವೇ ಇಲ್ಲ. ವಾಂಗ್ ಈಗ ಬಿಡುತ್ತಾರೆಂದು ಮೊದಲೇ ಊಹಿಸಿರಬೇಕು. ಅಭ್ಯಾಸ ಕೈಗೆ ಹತ್ತಿದ ಮೇಲಷ್ಟೇ ತಲೆಗೆ ಹಾಗೆ ಊಹಿಸುವ ಬಿಡುವು ಸಿಗುತ್ತದೆ. ಇಂಥ ಕಸರತ್ತು ಆಟದ ಮಜಾ ಕೊಲ್ಲುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಟ್ರೈನಿಂಗ್ ಮೋಡಿನಲ್ಲಿ ಒಂದೇ ಕಾಂಬೊ (ಹೊಡೆತಗಳ ಸರಣಿ) ತಿದ್ದುತ್ತ ಕೂರುವುದು ನಿಜಕ್ಕೂ ಬೇಸರದ ಕೆಲಸ, ಗೆಲುವಷ್ಟೇ ಬೇಕಾದವರಿಗೆ ಬೇಗ ಸಾಕೆನಿಸುತ್ತದೆ (ಸಾಕೆನಿಸಿದರೆ ಬಿಡಲಿ, ಯಾರ ಒತ್ತಾಯವೂ ಇಲ್ಲ). ಉಳಿದವರಿಗೆ ಏಕೆ ಸೋತೆ ಎಂದು ಹುಡುಕುವುದೇ ಆಟದ ಅರ್ಧ ರುಚಿ. ಅಂದಹಾಗೆ, ಅಷ್ಟೆಲ್ಲ ಮಾಡಿದ ಡೈಗೊ ಆ ಪಂದ್ಯಾವಳಿ ಗೆಲ್ಲಲಿಲ್ಲ. ಫೈನಲಿನಲ್ಲಿ ಕೆಂಜಿ ಒಬಾಟ ಎದುರು ಸೋತರು.