ಏಳು ಜೋಡಿಯ ಕತೆ

ಪುಣೆ ಕ್ಯಾಂಪಿನ ಕೆಂಪು ಗೋಪುರದ ‘ಲಾಲ್ ದೇವಳ’ ಬಾಗ್ದಾದಿನ ಡೇವಿಡ್ ಸಸೂನ್ ಕಟ್ಟಿಸಿದ್ದು, 1867ರದು. ಯಹೂದಿಗಳೆಂದರೆ ಆ ಶ್ರೀಮಂತರೇ ಅಂದುಕೊಂಡವರು ರಾಸ್ತಾ ಪೇಠೆಗೆ ಹೋಗಬೇಕು. ಅಲ್ಲಿ 1921ರ ಸುಕ್ಕತ್ ಶೆಲೋಮೋ ಮಂದಿರವಿದೆ, ಬೆನೆ ಇಸ್ರೇಲಿಗಳದು. ಮನೆಮಾತು ಮರಾಠಿ, ಅಡ್ಡಹೆಸರು ಕೊಂಕಣದ ಊರಿನದು.

ಇವರ ಕತೆ ಕೇಳಿ. ಎರಡು ಸಾವಿರ ವರ್ಷದ ಹಿಂದೆ ಅಲಿಬಾಗಿನ ಹತ್ತಿರ, ನವಗಾಂವ್ ಬಳಿ ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಉಳಿದರು, ಗ್ರಂಥಗಳೆಲ್ಲ ನೀರುಪಾಲು. ಬಾಯಲ್ಲಿ ಉಳಿದದ್ದು ‘ಶೆಮಾ’ ಎಂಬ ಒಂದು ಪ್ರಾರ್ಥನೆ. ಎಣ್ಣೆಗಾಣ ಹೂಡಿದರು, ಶನಿವಾರ ಮಾತ್ರ ಗಾಣ ತಿರುಗಲಿಲ್ಲ. ಊರವರು ‘ಶನಿವಾರ ತೇಲಿ’ ಅಂದರು. ಪುಸ್ತಕವಿಲ್ಲದ ಜನ ಇಷ್ಟು ಕಾಲ ಯಹೂದಿಗಳಾಗಿ ಉಳಿದದ್ದಕ್ಕೆ ಈ ಕತೆಯ ಪಾಲು ಸಣ್ಣದಲ್ಲ. ಊರು ಬಿಟ್ಟು ಬಂದವರಿಗೆ ಇದು ಬೇಗ ಅರ್ಥವಾಗುತ್ತೆ.

ಅದೇ ಕರಾವಳಿಯಲ್ಲಿ ಚಿತ್ಪಾವನರ ಕತೆಯೂ ಇದೆ: ತೇಲಿಬಂದ ಹದಿನಾಲ್ಕು ಹೆಣಗಳಿಗೆ ಪರಶುರಾಮ ಜೀವ ಕೊಟ್ಟನಂತೆ. ಲೆಕ್ಕ ನೋಡಿ, ಹದಿನಾಲ್ಕೇ! ಕೊಡಲಿ ಬೀಸಿ ಕಡಲು ಸರಿಸಿದ ಆ ಪರಶುರಾಮ ನಮ್ಮ ತುಳುನಾಡಿನವರಿಗೇನು ಹೊಸಬನಲ್ಲ. ಹಾಗಿರುವಾಗ ಹಾಯೀಮ್ ಸಾಮ್ಯುಯೆಲ್ ಕೆಹಿಮ್ಕರ್ ತಮ್ಮ ಇತಿಹಾಸದಲ್ಲಿ ಹಡಗೊಡೆದದ್ದಕ್ಕೆ ಕ್ರಿ.ಪೂ. 175ರ ಸುಮಾರು ಅಂತ ಕಾಲ ಹಚ್ಚಿದ್ದು ನನಗೆ ಒಪ್ಪಿಗೆಯಿಲ್ಲ. 1897ರಲ್ಲಿ ಬರೆದ, 1937ರಲ್ಲಿ ಟೆಲ್ ಅವಿವ್‌ನಲ್ಲಿ ಅಚ್ಚಾದ ಆ ಪುಸ್ತಕ ಆಚಾರ, ಅಡುಗೆ, ಮದುವೆಗಳ ವಿವರದಲ್ಲಿ ಅಮೂಲ್ಯ. ಇಸವಿ ಹಚ್ಚಿದ ಕೂಡಲೇ ಕತೆ ಸಾಕ್ಷಿ ಹೇಳಬೇಕಾಗುತ್ತೆ. ಸಾಕ್ಷಿಗೆ ಪಾಟೀಸವಾಲು ತಪ್ಪಿದ್ದಲ್ಲ.

ಯಹೂದಿ ಚಿಂತನೆಗೆ ಪುರಾಣದ ಭಯ ಹಳೆಯದು. 12ನೇ ಶತಮಾನದ ಮೈಮೊನಿಡೀಸ್ ದೇವರಿಗೆ ಕೈಕಾಲು ಕಲ್ಪಿಸುವುದನ್ನೇ ಒಪ್ಪಲಿಲ್ಲ. ಪುರಾಣ ಕಬ್ಬಾಲಾ ಪಂಥದ ಬಾಗಿಲಿಂದ ಮರಳಿತೆಂದು ವಿದ್ವಾಂಸ ಗೆರ್ಶೋಮ್ ಶೋಲೆಮ್ ತೋರಿಸಿದರು. ಆ ಕಾವಿನಲ್ಲೇ 1665ರಲ್ಲಿ ಸಬ್ಬತಾಯಿ ಝ್ವಿಯನ್ನು ಉದ್ಧಾರಕನೆಂದು ಊರೂರು ನಂಬಿತು. ಮರುವರ್ಷ ಅವನು ಇಸ್ಲಾಂ ಸೇರಿದ.

ಕೊಂಕಣದವರು ಪ್ರವಾದಿ ಎಲಿಯಾಹುವಿನ ಹೆಸರಲ್ಲಿ ಅವಲಕ್ಕಿ, ತೆಂಗಿನತುರಿ, ಹಣ್ಣು ಕಲಸಿ ‘ಮಲಿದಾ’ ಹಂಚುತ್ತಾರೆ. ಅವನ ರಥ ಇಳಿದ ಗುರುತು ಅಲಿಬಾಗಿನ ಬಳಿಯ ಬಂಡೆಯ ಮೇಲಿದೆ ಅಂತಾರೆ. ಇದರಿಂದ ಯಾರಿಗೂ ಕೇಡಾಗಿಲ್ಲ. ಕೇಡಾದದ್ದು ಬೇರೆಯವರ ವಂಶಶುದ್ಧಿಯ ಕತೆಯಿಂದ. 1962ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳು, ಬೆನೆ ಇಸ್ರೇಲಿಗಳ ಮದುವೆಗೆ ಮುಂಚೆ ತಾಯಿ, ಅಜ್ಜಿಯರ ಕುಲ ವಿಚಾರಿಸಿ ಎಂದು ಸೂಚಿಸಿದರು. ಹಡಗೊಡೆದವರ ಮಕ್ಕಳು ಎಲ್ಲಿಂದ ಕಾಗದ ತಂದಾರು? ಜೆರುಸಲೇಮಿನಲ್ಲಿ ಧರಣಿ ಕೂತರು. 1964ರ ಆಗಸ್ಟಿನಲ್ಲಿ ಸಂಸತ್ತು ಇವರೂ ಎಲ್ಲರಂತೆ ಯಹೂದಿಗಳೇ ಅಂದ ಮೇಲೆ ಸೂಚನೆಯಿಂದ ಇವರ ಹೆಸರು ತೆಗೆದರು.